ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ಬೆರಳು ಜುಮ್ಮೆನ್ನುವುದೇಕೆ? ಆಮ್ಲಜನಕ ಸಾಲದೆಯೇ?

ಅಲ್ಲ, ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗುವುದರಿಂದ. ಆರೋಗ್ಯವಂತರ ಹಿಮೋಗ್ಲೋಬಿನ್ ಮಾಮೂಲಿ ಉಸಿರಿನಲ್ಲೇ ಶೇ. 95ಕ್ಕಿಂತ ಹೆಚ್ಚು ಆಮ್ಲಜನಕದಿಂದ ತುಂಬಿರುತ್ತದೆ; ಇನ್ನಷ್ಟು ಎಳೆದುಕೊಂಡರೂ ಲಾಭವಿಲ್ಲ. ಇಂಗಾಲದ ಡೈಆಕ್ಸೈಡಿನ ಸುಮಾರು ಶೇ. 70 ಭಾಗ ಕೆಂಪು ರಕ್ತಕಣದೊಳಗೆ ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗಿ, ಕೂಡಲೇ ಬೈಕಾರ್ಬನೇಟ್ ಮತ್ತು ಆಮ್ಲೀಯತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳಾಗಿ ಒಡೆಯುತ್ತದೆ. ಹಾಗಾಗಿ ಈ ಅನಿಲ ಹೊರಹೋದಷ್ಟೂ ರಕ್ತದ ಆಮ್ಲೀಯತೆ ಇಳಿದು, ಪಿಎಚ್ (ಆಮ್ಲೀಯತೆ ಇಳಿದಷ್ಟೂ ಏರುವ ಅಳತೆ) ಸಹಜ ಮಿತಿಯಾದ 7.45 ದಾಟುತ್ತದೆ. ಆಗ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಹೆಚ್ಚು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಇಳಿದು ನರಗಳು ಕೆರಳುತ್ತವೆ; ಬೆರಳು ಜುಮ್ಮೆನ್ನುತ್ತದೆ. ಮಿದುಳಿನ ರಕ್ತನಾಳ ಕಿರಿದಾಗಿ ತಲೆಯೂ ಸುತ್ತುತ್ತದೆ.

ಕುಳಿತು, ನಿಧಾನವಾಗಿ ಉಸಿರು ಬಿಡಿ. ಕಾಗದದ ಚೀಲದೊಳಗೆ ಉಸಿರಾಡುವುದು ಖಂಡಿತ ಬೇಡ: ಕಾರಣ ಆಸ್ತಮಾ ಅಥವಾ ಹೃದಯಾಘಾತವಾಗಿದ್ದರೆ ಆಮ್ಲಜನಕ ಕುಸಿಯುತ್ತದೆ. ಸಕ್ಕರೆ ಕಾಯಿಲೆಯವರು ಆಳವಾಗಿ, ವೇಗವಾಗಿ ಉಸಿರಾಡುತ್ತಿದ್ದರೆ ಅದು ಗಾಬರಿಯೆಂದು ಸುಮ್ಮನಾಗಬೇಡಿ. ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಕೀಟೋನ್ ಆಮ್ಲವನ್ನು ಸರಿದೂಗಿಸಲು ದೇಹ ಹೆಣಗುತ್ತಿರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.