ಅಮ್ಮ ವೃದ್ಧಾಶ್ರಮ ಸೇರಿದರೆ ಸಂಧ್ಯಾ ಸುರಕ್ಷಾ ಹಣ ನಿಲ್ಲುತ್ತದೆಯೇ?

ಜಗಳೂರಿನಲ್ಲಿರುವ ಅಮ್ಮನನ್ನು ದಾವಣಗೆರೆಯ ವೃದ್ಧಾಶ್ರಮಕ್ಕೆ ಸೇರಿಸಿದರೆ ಈ ಹಣ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಬರುವುದು ಅವರ ಹೆಸರಿನ, ಆಧಾರ್ ಜೋಡಿಸಿದ ಖಾತೆಗೆ. ಊರು ಬದಲಾದರೂ ಆ ಖಾತೆಯನ್ನು ಮುಚ್ಚಬೇಡಿ.

ತೊಡಕಾಗುವುದು ಪರಿಶೀಲನೆಯಲ್ಲಿ. ಗ್ರಾಮ ಆಡಳಿತಾಧಿಕಾರಿ ಬಂದಾಗ ಮನೆಗೆ ಬೀಗ ಹಾಕಿದ್ದು, ಪಕ್ಕದವರು ‘ಅಜ್ಜಿ ಇಲ್ಲಿಲ್ಲ ರೀ’ ಅಂದುಬಿಟ್ಟರೆ ಪಿಂಚಣಿಗೆ ತಡೆ ಬೀಳಬಹುದು. ಅದಕ್ಕೇ ಹೊರಡುವ ಮೊದಲೇ ನಾಡಕಚೇರಿಯಲ್ಲಿ ಹೊಸ ವಿಳಾಸ ಬರೆದುಕೊಟ್ಟು, ಸ್ವೀಕೃತಿ ಚೀಟಿ ಇಸಿದುಕೊಳ್ಳಿ.

ಗೃಹಲಕ್ಷ್ಮಿಯ 2,000 ರೂಪಾಯಿಯದು ಬೇರೆ ಲೆಕ್ಕ. ಅದು ರೇಷನ್ ಕಾರ್ಡಿನಲ್ಲಿ ಯಜಮಾನಿ ಆದವರಿಗೆ. ಕಾರ್ಡಿನಿಂದ ಅಮ್ಮನ ಹೆಸರು ತೆಗೆಸಿದರೆ ಅವರಿಗೆ ಅದು ತಪ್ಪುತ್ತದೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ: ಆಶ್ರಮದವರು ಕೇಳಿದರೂ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಡಬೇಡಿ. ಅವು ಅಮ್ಮನ ಹತ್ತಿರವೇ ಇರಲಿ.