ಓದುಗರ ಪ್ರಶ್ನೆ, ನಮ್ಮ ಉತ್ತರ: ಸುನಾಮಿ ಬರೋಕ್ ಮುಂಚೆನೇ ಸನ್ಮಾನ ಯಾಕೆ?

ಪ್ರಶ್ನೆ: ಒಡಿಶಾದಲ್ಲಿ ಕೆಲವು ಹಳ್ಳಿಗಳಿಗೆ ‘ಸುನಾಮಿ ರೆಡಿ’ ಅಂತ ಯುನೆಸ್ಕೋದವ್ರು ಸರ್ಟಿಫಿಕೇಟ್ ಕೊಟ್ಟವ್ರಂತೆ. ಸುನಾಮಿ ಬಂದೂ ಇಲ್ಲ, ಯಾರನ್ನೂ ಕಾಪಾಡೂ ಇಲ್ಲ, ಆಗ್ಲೇ ಸನ್ಮಾನ ಯಾಕೆ? ಕೆರೆ ತುಂಬಿದ್ರೆ ಸಾಕು ಅಂತ ಕಾಯೋ ನಮ್ ಕಡೆ ಜನಕ್ಕೆ ಇದ್ರಿಂದ ಏನು?
— ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಬರೋಕ್ ಮುಂಚೆ ಮಾಡಿದ್ದಕ್ಕೇ ಸನ್ಮಾನ ಸಿಗಬೇಕು ಸಾರ್, ಇದು ನನ್ನ ಗಟ್ಟಿ ಅಭಿಪ್ರಾಯ. 2004ರ ಡಿಸೆಂಬರ್ 26ನೇ ತಾರೀಕು ನೆನಪಿಸ್ಕೊಳ್ಳಿ. ಸುಮಾತ್ರಾ ಹತ್ರ ಭೂಮಿ ನಡುಗಿದ್ದು ನಮ್ಮ ಟೈಮ್ ಬೆಳಗ್ಗೆ ಆರೂವರೆ ಸುಮಾರಿಗೆ, ಚೆನ್ನೈಗೆ ಅಲೆ ಬಂದಿದ್ದು ಒಂಬತ್ತರ ಹೊತ್ತಿಗೆ. ಮಧ್ಯೆ ಎರಡೂವರೆ ಗಂಟೆ ಟೈಮ್ ಇತ್ತು, ಹೇಳೋರೇ ಇರಲಿಲ್ಲ, ಯಾಕಂದ್ರೆ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ವ್ಯವಸ್ಥೆ ಅನ್ನೋದೇ ಆಗ ಇರಲಿಲ್ಲ. ಎಲ್ಲ ದೇಶ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೋದ್ರು. ಕ್ರಿಸ್ಮಸ್ ಮುಗಿಸ್ಕೊಂಡು ವೇಳಾಂಕಣಿಯಲ್ಲೇ ಉಳ್ಕೊಂಡಿದ್ದ ಯಾತ್ರಿಕರು ಎಷ್ಟೋ ಜನ ವಾಪಸ್ ಬರಲೇ ಇಲ್ಲ, ಅವರೂ ಕಡಲಿನವರಲ್ಲ.

ಅದೇ ದಿನ ಪುದುಚೇರಿ ಹತ್ರ ನಲ್ಲವಾಡು ಅನ್ನೋ ಮೀನುಗಾರರ ಹಳ್ಳಿಯಲ್ಲಿ ಏನಾಯ್ತು ನೋಡಿ. ಆ ಊರಿನ ಹುಡುಗ ಒಬ್ಬ ಸಿಂಗಾಪುರದಲ್ಲಿದ್ದ, ಟೀವಿಯಲ್ಲಿ ಸುದ್ದಿ ನೋಡಿದವನೇ ಊರಿಗೆ ಫೋನ್ ಹಚ್ಚಿದ. ಊರಲ್ಲಿ ಸ್ವಾಮಿನಾಥನ್ ರಿಸರ್ಚ್ ಫೌಂಡೇಶನ್ನವರ ಮಾಹಿತಿ ಕೇಂದ್ರ ಇತ್ತು, ಇವತ್ತು ಅಲೆ ಎಷ್ಟು ಎತ್ತರ, ಕಡಲಿಗೆ ಇಳೀಬಹುದಾ ಬೇಡ್ವಾ ಅಂತ ದಿನಾ ಕೂಗಿ ಹೇಳೋಕೆ ಮೈಕ್ ಇತ್ತು. ಅದೇ ಮೈಕಲ್ಲಿ ಎಲ್ಲಾ ಓಡಿ ಅಂತ ಕೂಗಿದ್ರು. ಮನೆ ಬಿತ್ತು, ದೋಣಿ ಹೋಯ್ತು, ಜನ ಉಳ್ಕೊಂಡ್ರು. ಆ ಹುಡುಗನ ಫೋನ್ ಎಷ್ಟು ಮುಖ್ಯವೋ ಮೊದಲೇ ಕಂಬಕ್ಕೆ ಕಟ್ಟಿದ್ದ ಮೈಕೂ ಅಷ್ಟೇ ಮುಖ್ಯ, ಅದನ್ನ ಕಟ್ಟಿದ ದಿನ ಯಾರೂ ಯಾರಿಗೂ ಹಾರ ಹಾಕಿರಲ್ಲ.

ಒಡಿಶಾದಲ್ಲಿ ಗುರುತಿಸಿರೋದು ಇಂಥದ್ದನ್ನೇ. 2020ರಲ್ಲಿ ಗಂಜಾಂ ಜಿಲ್ಲೆಯ ವೆಂಕಟರಾಯಪುರ, ಜಗತ್ಸಿಂಗ್‌ಪುರ ಜಿಲ್ಲೆಯ ನೋಲಿಯಾಸಾಹಿ, ಇವೆರಡಕ್ಕೆ ಮೊದಲು ಸಿಕ್ತು, ಹಿಂದೂ ಮಹಾಸಾಗರದ ಕಡೆಗೇ ಅವು ಮೊದಲನೇವು, 2024ರಲ್ಲಿ ಇನ್ನೂ 24 ಹಳ್ಳಿ ಸೇರ್ಕೊಂಡ್ವು. ಸುಮ್ನೆ ಕೊಡಲ್ಲ, 12 ಅಂಶ ನೋಡ್ತಾರೆ: ನೀರು ಎಲ್ಲಿವರೆಗೂ ನುಗ್ಗಬಹುದು ಅನ್ನೋ ಮ್ಯಾಪು, ಆ ಜಾಗದಲ್ಲಿ ಎಷ್ಟು ಜನ ಇದಾರೆ ಅನ್ನೋ ಲೆಕ್ಕ, ಓಡೋ ದಾರಿ ತೋರಿಸೋ ಬೋರ್ಡು, ರಾತ್ರಿ ಮೂರು ಗಂಟೆಗೆ ಎಚ್ಚರಿಕೆ ಬಂದ್ರೂ ಎತ್ತಿಕೊಳ್ಳೋ ಜನ, ಕನಿಷ್ಠ ಎರಡು ವರ್ಷಕ್ಕೊಮ್ಮೆ ಇಡೀ ಊರು ಸೇರಿ ಮಾಡೋ ಡ್ರಿಲ್ಲು. ಅಜ್ಜಿನ ಯಾರು ಎತ್ಕೋಬೇಕು, ಬಾಣಂತಿನ ಯಾರು ಕರ್ಕೊಂಡ್ ಹೋಗ್ಬೇಕು ಅನ್ನೋವರೆಗೂ ಮೊದಲೇ ಮಾತಾಡ್ಕೋಬೇಕಾಗತ್ತೆ. ಮತ್ತೆ ಈ ಸರ್ಟಿಫಿಕೇಟಿಗೆ ಅವಧಿ ಇದೆ, ಮುಗಿದ್ಮೇಲೆ ನವೀಕರಿಸ್ಕೋಬೇಕು, ನನಗೆ ಹೆಚ್ಚು ಇಷ್ಟ ಆಗಿದ್ದು ಅದೇ.

ಇನ್ನು ನಮಗೇನು ಅಂದ್ರಲ್ಲ. ದೇಶದ ಸುನಾಮಿ ಎಚ್ಚರಿಕೆ ಕೇಂದ್ರ 2007ರಿಂದ ಹೈದರಾಬಾದಿನ ಇನ್‌ಕಾಯ್ಸ್ ಅನ್ನೋ ಸಾಗರ ಮಾಹಿತಿ ಸಂಸ್ಥೆಯಲ್ಲಿ ಇದೆ, ನಮ್ಮ ಚಿಕ್ಕಬಳ್ಳಾಪುರ ಬಾಗೇಪಲ್ಲಿ ಮೇಲೆ ಹೋಗೋ ಹೈವೇ ಹಿಡಿದ್ರೆ ಅಲ್ಲಿಗೇ ಹೋಗತ್ತೆ, ಅಲ್ಲೂ ಕಡಲಿಲ್ಲ. ಭೂಕಂಪ ಆಗಿ ಹತ್ತು ನಿಮಿಷದ ಆಸುಪಾಸಲ್ಲಿ ಮೊದಲ ಬುಲೆಟಿನ್ ಕಳಿಸ್ತಾರೆ. ನಿಮ್ಮ ಗೌರಿಬಿದನೂರಲ್ಲೇ 1960ರ ದಶಕದಿಂದ ಭೂಕಂಪ ಅಳೆಯೋ ಕೇಂದ್ರ ಇದೆ, ದೂರದ ದೇಶಗಳ ಅಣುಬಾಂಬ್ ಪರೀಕ್ಷೆ ಪತ್ತೆ ಹಚ್ಚೋಕೆ ಅಂತ ಹಾಕಿದ್ದು, ಎಲ್ಲೋ ಸಮುದ್ರದಡಿ ನೆಲ ನಡುಗಿದ್ರೂ ನಿಮ್ಮ ಹೊಲದ ಬಂಡೆಗೆ ಗೊತ್ತಾಗತ್ತೆ. ಕಡಲು ಕಾಯೋ ಕೆಲಸ ದಡದಲ್ಲೇ ಆಗ್ಬೇಕು ಅಂತಿಲ್ಲ.

ಪ್ರಶ್ನೆ: ಸುನಾಮಿ ಜಾಗೃತಿ ದಿನ ನವೆಂಬರ್ 5ಕ್ಕೆ ಯಾಕೆ ಮಾಡ್ತಾರೆ?
— ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಜಪಾನಿನ ಹಿರೋ ಅನ್ನೋ ಹಳ್ಳಿ, 1854, ಅಲ್ಲಿನ ಹಳೇ ಪಂಚಾಂಗದ 11ನೇ ತಿಂಗಳ 5ನೇ ದಿನ, ನವೆಂಬರ್ 5 ಬಂದಿದ್ದು ಅದರಿಂದಲೇ. ಸುನಾಮಿ ಬಂದ ಕತ್ತಲಲ್ಲಿ ಜನಕ್ಕೆ ದಾರಿ ಕಾಣ್ಲಿ ಅಂತ ಹಮಾಗುಚಿ ಗೊರ್ಯೊ ಅನ್ನೋರು ಕುಯ್ದಿಟ್ಟಿದ್ದ ಭತ್ತದ ಮೆದೆಗೆ ಬೆಂಕಿ ಇಟ್ರು, ಬೆಳಕು ನೋಡ್ಕೊಂಡು ಜನ ಗುಡ್ಡ ಹತ್ತಿದ್ರು. ಮೆದೆ ಅಂದ್ರೆ ವರ್ಷದ ಅನ್ನ, ನಮ್ಮ ರೈತರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಆಮೇಲೆ ಸ್ವಂತ ದುಡ್ಡಲ್ಲಿ ಊರವರಿಗೇ ಕೂಲಿ ಕೊಟ್ಟು ತಡೆಗೋಡೆ ಕಟ್ಟಿಸಿದ್ರು, 1946ರ ಸುನಾಮಿಲಿ ಅದು ಊರಿನ ಬಹುಭಾಗ ಉಳಿಸ್ತು.

ಪ್ರಶ್ನೆ: ರಜಕ್ಕೆ ಮಕ್ಕಳನ್ನ ಕರ್ಕೊಂಡು ಗೋಕರ್ಣ, ಮುರ್ಡೇಶ್ವರ ಹೋಗ್ತಿದೀವಿ. ಆ ಕಡೆ ಸುನಾಮಿ ಭಯ ಇದೆಯಾ?
— ಗೃಹಿಣಿ, ಚಿಂತಾಮಣಿ

ಉತ್ತರ: ಆರಾಮಾಗಿ ಹೋಗ್ಬನ್ನಿ ಅಮ್ಮ. ಅಪರೂಪ, ಆದ್ರೆ ಇಲ್ವೇ ಇಲ್ಲ ಅನ್ನೋ ಹಾಗಿಲ್ಲ, 1945ರ ನವೆಂಬರಲ್ಲಿ ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿ ಹತ್ರ ಭೂಕಂಪ ಆಗಿ ಅಲೆ ಮುಂಬೈವರೆಗೂ ಬಂದಿತ್ತು. ಮಕ್ಕಳಿಗೆ ಒಂದು ಮಾತು ಹೇಳ್ಕೊಡಿ. 2004ರಲ್ಲಿ ಥಾಯ್ಲೆಂಡಿನ ಬೀಚಲ್ಲಿ ಹತ್ತು ವರ್ಷದ ಇಂಗ್ಲೆಂಡಿನ ಹುಡುಗಿ ಸ್ಕೂಲಲ್ಲಿ ಕಲ್ತಿದ್ದನ್ನ ನೆನಪಿಟ್ಕೊಂಡು ಸುತ್ತ ಇದ್ದೋರನ್ನೆಲ್ಲ ಎಬ್ಬಿಸಿ ಓಡಿಸಿದ್ಲು. ಸುಮಾತ್ರಾ ಪಕ್ಕದ ಸಿಮೆಲುವೆ ದ್ವೀಪದಲ್ಲಿ 1907ರ ಸುನಾಮಿ ಕಥೆನ ಅಜ್ಜಿಯರು ಹೇಳ್ತಾ ಬಂದಿದ್ರಿಂದ ನೆಲ ನಡುಗಿದ ತಕ್ಷಣ ಜನ ಗುಡ್ಡಕ್ಕೆ ಓಡಿದ್ರು, 70 ಸಾವಿರಕ್ಕೂ ಹೆಚ್ಚು ಜನರಲ್ಲಿ ಸತ್ತವರು 7 ಮಂದಿ. ದಡದಲ್ಲಿ ನೆಲ ಜೋರಾಗಿ ತುಂಬಾ ಹೊತ್ತು ನಡುಗಿದ್ರೆ, ನೀರು ಇದ್ದಕ್ಕಿದ್ದಂತೆ ಹಿಂದಕ್ಕೆ ಹೋದ್ರೆ, ಕಡಲು ಮೊರೆದ್ರೆ, ಈ ಮೂರರಲ್ಲಿ ಒಂದು ಕಂಡ್ರೂ ಸಾಕು, ಮೆಸೇಜಿಗೆ ಕಾಯದೆ ಎತ್ತರಕ್ಕೆ ನಡೀರಿ. ಮೊದಲ ಅಲೆ ಇಳೀತು ಅಂತ ಬ್ಯಾಗು ಚಪ್ಪಲಿ ತರೋಕೆ ಕೆಳಗೆ ಬರಬೇಡಿ, ಆಮೇಲಿನ ಅಲೆ ಇನ್ನೂ ದೊಡ್ಡದಿರಬಹುದು, ಗಂಟೆಗಟ್ಟಲೆ ಬರ್ತಾನೇ ಇರಬಹುದು, ಅಧಿಕಾರಿಗಳು ಸರಿ ಅನ್ನೋವರೆಗೂ ಮೇಲೇ ಇರಿ.