ಬೆಳಗಾದರೆ ಫೋಲ್ಡರೇ ಇರುವುದಿಲ್ಲ!

ಪ್ರಶ್ನೆ: ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಡೆಬಿಯನ್ ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ಸರ್ವಿಸ್ ಇದೆ. ರಾತ್ರಿ ಆಫ್ ಮಾಡಿ ಬೆಳಗ್ಗೆ ಆನ್ ಮಾಡಿದರೆ ಅದು ಶುರುವಾಗುವುದೇ ಇಲ್ಲ. ಪಿಐಡಿ ಫೈಲ್ (ಓಡುತ್ತಿರುವ ಪ್ರೋಗ್ರಾಮಿನ ಗುರುತಿನ ನಂಬರ್ ಇರುವ ಫೈಲ್) ಬರೆಯಲು ಫೋಲ್ಡರ್ ಇಲ್ಲ ಎಂದು ಲಾಗ್‌ನಲ್ಲಿ ಬರುತ್ತದೆ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಫೋಲ್ಡರ್ ಮಾಡಿಕೊಟ್ಟರೆ ಸಂಜೆವರೆಗೂ ಚೆನ್ನಾಗಿ ನಡೆಯುತ್ತದೆ. ಮಾರನೇ ದಿನ ಮತ್ತೆ ಅದೇ ಕಥೆ. ಸ್ಟಾರ್ಟ್ ಸ್ಕ್ರಿಪ್ಟಿನಲ್ಲೇ ಫೋಲ್ಡರ್ ಮಾಡುವ ಸಾಲು ಸೇರಿಸಿದೆ. ಈಗ ‘ಪರ್ಮಿಷನ್ ಡಿನೈಡ್’ ಎನ್ನುತ್ತಿದೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಸುಮ್ನೆ ಅದನ್ನು ಕೆದಕಬೇಡಿ. ನೀವು ಫೋಲ್ಡರ್ ಮಾಡುತ್ತಿರುವುದು ‘ರನ್’ ಎಂಬ ಸಿಸ್ಟಮ್ ಫೋಲ್ಡರಿನ ಒಳಗೆ, ಅಲ್ವಾ? ಆ ಜಾಗ ಡಿಸ್ಕಿನಲ್ಲಿಲ್ಲ, ರ‍್ಯಾಮ್‌ನಲ್ಲಿದೆ. ಕಂಪ್ಯೂಟರ್ ಆಫ್ ಆದರೆ ಅಲ್ಲಿದ್ದದ್ದೆಲ್ಲ ಹೋಯಿತು. ‘ವಾರ್’ ಒಳಗಿನ ‘ರನ್’ ಎಂದು ಬರೆದಿದ್ದರೂ ಅಷ್ಟೇ, ಅದು ಇಲ್ಲಿಗೇ ಬರುವ ಲಿಂಕ್. ಇನ್ನು ನಿಮ್ಮ ಸ್ಕ್ರಿಪ್ಟ್ ಓಡುವುದು ಬೇರೆ ಯೂಸರ್ ಹೆಸರಿನಲ್ಲಿ. ‘ರನ್’ ರೂಟ್‌ನ ಸ್ವತ್ತು. ಅಲ್ಲಿ ಫೋಲ್ಡರ್ ಮಾಡಲು ಅದು ಬಿಡುವುದಿಲ್ಲ.

ನಾನು ನೋಡಿಕೊಳ್ಳುತ್ತಿದ್ದ ಒಂದು ಲ್ಯಾಬಿನ ಸರ್ವರ್ ತಿಂಗಳುಗಟ್ಟಲೆ ಆಫ್ ಆಗಿರಲಿಲ್ಲ. ಯುಪಿಎಸ್ ಬ್ಯಾಟರಿ ಬದಲಿಸಿದ ದಿನ ಹೀಗೇ ಕೈಕೊಟ್ಟಿತು. ಫೋಲ್ಡರ್ ಯಾರು, ಯಾವಾಗ ಮಾಡಿದ್ದರೋ ಯಾರಿಗೂ ನೆನಪಿರಲಿಲ್ಲ. ಹುಡುಗರು ಪರೀಕ್ಷೆಗೆ ಕಾಯುತ್ತಾ ಕೂತಿದ್ದರು. ಆ ಬೆಳಗ್ಗೆಯನ್ನು ನಾನು ಮರೆತಿಲ್ಲ.

ಸ್ಕ್ರಿಪ್ಟಿಗೆ ನೀವು ಸೇರಿಸಿದ ಸಾಲು ತೆಗೆಯಿರಿ. ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರುಮಾಡುವ, ನಿಲ್ಲಿಸುವ ವ್ಯವಸ್ಥೆ) ಓದುವ ಯೂನಿಟ್ ಫೈಲಿನ, ಅಂದರೆ ನಿಮ್ಮ ಸರ್ವಿಸಿನ ಸೆಟ್ಟಿಂಗ್ ಫೈಲಿನ, ಸರ್ವಿಸ್ ಭಾಗದಲ್ಲಿ ‘ರನ್‌ಟೈಮ್‌ಡೈರೆಕ್ಟರಿ’ ಎಂಬ ಸಾಲು ಹಾಕಿ. ಇಂಗ್ಲಿಷಿನಲ್ಲಿ ಎರಡೂ ಪದ ಕೂಡಿಸಿ ಬರೆಯಬೇಕು, ಆರ್ ಮತ್ತು ಡಿ ದೊಡ್ಡಕ್ಷರ. ಸಮ ಚಿಹ್ನೆಯ ಮುಂದೆ ಫೋಲ್ಡರಿನ ಹೆಸರಷ್ಟೇ ಸಾಕು, ಪೂರ್ತಿ ದಾರಿ ಬೇಡ. ಸರ್ವಿಸ್ ಶುರುವಾಗುವ ಮುಂಚೆ ಸಿಸ್ಟಮ್‌ಡಿಯೇ ಫೋಲ್ಡರ್ ಮಾಡಿ ಯೂನಿಟ್ ಫೈಲಿನಲ್ಲಿ ಹೇಳಿದ ಯೂಸರ್‌ಗೆ ಒಪ್ಪಿಸುತ್ತದೆ. ಸರ್ವಿಸ್ ನಿಂತರೆ ಅಳಿಸಿಬಿಡುತ್ತದೆ. ಹಾಗಾಗಿ ಬಿಲ್ಲಿನ ಲೆಕ್ಕವನ್ನು ಮಾತ್ರ ದಯವಿಟ್ಟು ಅಲ್ಲಿಡಬೇಡಿ.

ಪ್ರೋಗ್ರಾಮಿಗೆ ಫೋರ್‌ಗ್ರೌಂಡಿನಲ್ಲೇ (ಹಿನ್ನೆಲೆಗೆ ಸರಿಯದೆ) ಓಡುವ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು. ಆ ಆಯ್ಕೆ ಹಾಕಿ, ಯೂನಿಟ್ ಫೈಲಿನಲ್ಲಿ ಟೈಪ್ ‘ಫೋರ್ಕಿಂಗ್’ (ಹಿನ್ನೆಲೆಗೆ ಸರಿಯುವ ಪ್ರೋಗ್ರಾಮಿಗೆ) ಇದ್ದದ್ದನ್ನು ‘ಸಿಂಪಲ್’ ಮಾಡಿ, ಪಿಐಡಿ ಫೈಲಿನ ಗೊಡವೆಯೇ ಇರುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಪ್ರೋಗ್ರಾಂ ಫೋರ್‌ಗ್ರೌಂಡಿನಲ್ಲಿದ್ದು ಟೈಪ್ ಮಾತ್ರ ಫೋರ್ಕಿಂಗ್ ಉಳಿದರೆ, ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಚೆನ್ನಾಗಿ ಓಡುತ್ತಿರುವುದನ್ನೇ ನಿಲ್ಲಿಸಿಬಿಡುತ್ತದೆ.

ಬದಲಾವಣೆ ಆದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೇಮನ್-ರೀಲೋಡ್’ ಕಮಾಂಡ್ ಕೊಡಿ, ಬದಲಾದ ಯೂನಿಟ್ ಫೈಲನ್ನು ಸಿಸ್ಟಮ್‌ಡಿ ಓದಿಕೊಳ್ಳುತ್ತದೆ. ಆಮೇಲೆ ಬರೀ ರೀಸ್ಟಾರ್ಟ್ ಸಾಲದು, ಕಂಪ್ಯೂಟರನ್ನೇ ರೀಬೂಟ್ ಮಾಡಿ. ಬೆಳಗ್ಗೆ ಗಿರಾಕಿ ಬರುವ ಹೊತ್ತಿಗಲ್ಲ, ಇವತ್ತು ಸಂಜೆಯೇ ಮಾಡಿ ನೋಡಿ.